ಬಜೆಟ್ ಬ್ರೇಸ್ ಪಿಸ್ತೂಲ್ ತಗೋಬೋದಾ? ಡಲ್ಲಾಸ್ ಕಡೆ ಪದೇ ಪದೇ ಕೇಳಿಸ್ಕೊಂಡ ಪ್ರಶ್ನೆಗಳು

ನನ್ನ ಹತ್ರ ಒಂದು ಬ್ರೇಸ್ ಪಿಸ್ತೂಲ್ ಇದೆ ಅಂತ ಗೊತ್ತಾದ ಮೇಲೆ ಯಾರ ಮನೆಗೆ ಊಟಕ್ಕೆ ಹೋದ್ರೂ ಇದೇ ಮಾತು, ಬಿಸಿಬೇಳೆಬಾತ್ ತಟ್ಟೆ ಕೈಯಲ್ಲಿ ಹಿಡ್ಕೊಂಡೇ ಬಂದು ಪಕ್ಕದಲ್ಲಿ ಕೂತ್ಕೊಂಡು ಶುರು ಮಾಡ್ತಾರೆ. ಎಲ್ಲಾರಿಗೂ ಬೇರೆ ಬೇರೆಯಾಗಿ ಹೇಳಿ ಸಾಕಾಗಿ ಒಂದೇ ಕಡೆ ಬರೆದಿಟ್ಟಿದೀನಿ. ನಾನು ಲಾಯರ್ ಅಲ್ಲ, ಗನ್‌ಸ್ಮಿತ್ ಅಲ್ಲ, ಸಾಫ್ಟ್‌ವೇರ್ ಕೆಲಸ ಮಾಡ್ಕೊಂಡು ತಿಂಗಳಿಗೆ ಎರಡು ಸಲ ಶೂಟಿಂಗ್ ರೇಂಜಿಗೆ ಹೋಗೋನು. ಇಲ್ಲಿ ಬರೆದಿರೋದೆಲ್ಲ ಅಮೆರಿಕಾದ ಮಾತು, ಊರಲ್ಲಿ ಇದ್ಯಾವುದೂ ನಡೆಯಲ್ಲ.

## ಮೊದಮೊದಲ ಪ್ರಶ್ನೆಗಳು

ಗುರು, ಬ್ರೇಸ್ ಪಿಸ್ತೂಲ್ ಅಂದ್ರೆ ಏನು? ನೋಡಿದ್ರೆ ರೈಫಲ್ ಥರಾನೇ ಇದೆಯಲ್ಲ?

ನೋಡೋಕೆ ಗಿಡ್ಡ ರೈಫಲ್ಲೇ, ಕಾನೂನಿನ ಲೆಕ್ಕದಲ್ಲಿ ಪಿಸ್ತೂಲು. ಅಮೆರಿಕಾದ 1934ರ ನ್ಯಾಷನಲ್ ಫೈರ್‌ಆರ್ಮ್ಸ್ ಆಕ್ಟ್ ಪ್ರಕಾರ ಭುಜಕ್ಕೆ ಕೊಟ್ಟು ಹೊಡೆಯೋ ರೈಫಲ್‌ನ ನಳಿಗೆ 16 ಇಂಚಿಗಿಂತ ಕಮ್ಮಿ ಇದ್ರೆ, ಅಥವಾ ಒಟ್ಟು ಉದ್ದ 26 ಇಂಚಿಗಿಂತ ಕಮ್ಮಿ ಇದ್ರೆ, ಅದನ್ನ ಸರ್ಕಾರದಲ್ಲಿ ರಿಜಿಸ್ಟರ್ ಮಾಡಿಸ್ಲೇಬೇಕು. ಪಿಸ್ತೂಲಿಗೆ ಆ ತಲೆನೋವು ಇಲ್ಲ. ಹಾಗಾಗಿ ಗಿಡ್ಡ ನಳಿಗೆ ಇಟ್ಟು, ಹಿಂದೆ ಬಟ್‌ಸ್ಟಾಕ್ (ಭುಜಕ್ಕೆ ಕೊಡೋ ಹಿಂಭಾಗ) ಬದಲು ಮುಂಗೈಗೆ ಕಟ್ಟಿಕೊಳ್ಳೋ ಒಂದು ರಬ್ಬರ್ ಅಥವಾ ಪ್ಲಾಸ್ಟಿಕ್ ತುಂಡು ಹಾಕಿ ಮಾರ್ತಾರೆ, ಅದೇ ಬ್ರೇಸು. ಅದನ್ನ 2012ರಲ್ಲಿ ಮಾಡಿದ್ದು ಅಲೆಕ್ಸ್ ಬಾಸ್ಕೋ ಅನ್ನೋರು, ಕೈ ಸ್ವಾಧೀನ ಇಲ್ಲದ ಮಾಜಿ ಸೈನಿಕರು ಒಂದೇ ಕೈಯಲ್ಲಿ ಹಿಡಿದು ಹೊಡೆಯೋ ಹಾಗಾಗ್ಲಿ ಅಂತ. ಆಮೇಲೆ ಎರಡೂ ಕೈ ಗಟ್ಟಿಯಾಗಿರೋರೇ ಜಾಸ್ತಿ ಕೊಂಡ್ಕೊಂಡ್ರು ಅನ್ನೋದು ಬೇರೆ ಮಾತು.

ನಮ್ಮ ಕೊಡಗಿನ ಕೋವಿ ಥರಾನಾ?

ಇಲ್ಲ. ಕೈಲ್‌ಪೊಳ್ದ್ ದಿನ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಹೊಡೆಯೋ ಕೋವಿ ಉದ್ದ ನಳಿಗೆದು, ಕೊಡವರಿಗೆ ಅದಕ್ಕೆ ಇಂಡಿಯಾದ ಆರ್ಮ್ಸ್ ಆಕ್ಟ್‌ನಲ್ಲಿ ಲೈಸೆನ್ಸಿನ ವಿನಾಯಿತಿ ಇದೆ, 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿದ್ರು. ನಾನು ಮಡಿಕೇರಿ ಹತ್ರ ಫ್ರೆಂಡ್ ಮನೆಯಲ್ಲಿ ಒಂದು ಸಲ ಹೊಡೆದಿದೀನಿ, ಕಾಯಿ ಹಾಗೇ ನೇತಾಡ್ತಾ ಇತ್ತು, ಅವರ ಅಜ್ಜಿ ಒಂದೇ ಏಟಿಗೆ ಒಡೆದ್ರು.

ನಾನು ಎಚ್-1ಬಿ ಮೇಲಿದೀನಿ, ತಗೋಬೋದಾ?

ಇದು ಅತೀ ಮುಖ್ಯವಾದ ಪ್ರಶ್ನೆ, ಉಳಿದಿದ್ದು ಓದದೇ ಇದ್ರೂ ಇದನ್ನ ಓದಿ. ಎಚ್-1ಬಿ, ಎಲ್-1, ಎಫ್-1, ಎಚ್-4, ಬಿ-2, ಹೀಗೆ ನಾನ್‌ಇಮಿಗ್ರೆಂಟ್ ವೀಸಾದಲ್ಲಿ ಬಂದಿರೋರು ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಕೊಳ್ಳೋ ಹಾಗಿಲ್ಲ ಅಂತ ಫೆಡರಲ್ ಕಾನೂನೇ ಹೇಳುತ್ತೆ, ಟೆಕ್ಸಾಸ್ ಎಷ್ಟೇ ಧಾರಾಳಿ ಆಗಿರಲಿ ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಕೊಂಡ್ಕೊಳ್ಳೋದು ಹಾಗಿರಲಿ, ರೇಂಜಿನಲ್ಲಿ ಬಾಡಿಗೆಗೆ ತಗೊಂಡು ಹತ್ತು ನಿಮಿಷ ಕೈಯಲ್ಲಿ ಹಿಡಿಯೋದೂ ಇದೇ ಲೆಕ್ಕಕ್ಕೆ ಬರುತ್ತೆ. ಕೌಂಟರಿನಲ್ಲಿರೋ ಹುಡುಗ ಡ್ರೈವರ್ ಲೈಸೆನ್ಸ್ ಮಾತ್ರ ನೋಡಿ ಕೊಟ್ಟುಬಿಟ್ಟ ಅಂತ ಖುಷಿ ಪಡಬೇಡಿ, ತಪ್ಪು ಅವನ ತಲೆ ಮೇಲಲ್ಲ, ನಿಮ್ಮ ತಲೆ ಮೇಲೆ. ಚಾಲ್ತಿಯಲ್ಲಿರೋ ಬೇಟೆ ಲೈಸೆನ್ಸ್ ಇದ್ರೆ ಒಂದು ವಿನಾಯಿತಿ ಇದೆ, ಇಲ್ಲ ಅಂತಲ್ಲ, ಆದ್ರೆ ಆ ದಾರಿ ಹಿಡಿಯೋಕೆ ಮುಂಚೆ ಇಮಿಗ್ರೇಷನ್ ಲಾಯರಿಗೆ ಫೀಸು ಕೊಟ್ಟು ಕೇಳಿ, ವಾಟ್ಸಾಪ್ ಗ್ರೂಪಲ್ಲಿ ಕೇಳಬೇಡಿ. ಹತ್ತು ಹನ್ನೆರಡು ವರ್ಷ ಕ್ಯೂನಲ್ಲಿ ನಿಂತು ಗ್ರೀನ್ ಕಾರ್ಡ್ ಹತ್ರ ಬಂದಿರ್ತೀರಿ, ಒಂದು ಮಧ್ಯಾಹ್ನದ ಮಜಕ್ಕೆ ಅದನ್ನ ಪಣಕ್ಕಿಡೋದಾ?

ಗ್ರೀನ್ ಕಾರ್ಡ್ ಬಂತು, ಇನ್ನೇನೂ ತೊಂದರೆ ಇಲ್ಲ ತಾನೆ?

ಕೊಳ್ಳೋಕೆ ತೊಂದರೆ ಇಲ್ಲ. ಆದ್ರೆ ಗ್ರೀನ್ ಕಾರ್ಡಿನವರಿಗೆ ಬಂದೂಕಿನ ಕೇಸಲ್ಲಿ ಶಿಕ್ಷೆ ಆದ್ರೆ ಅದೇ ಕಾರಣಕ್ಕೆ ವಾಪಸ್ ಕಳಿಸಬಹುದು, ಸಿಟಿಜನ್‌ಗೆ ಆ ಭಯ ಇಲ್ಲ. ಅದಕ್ಕೇ ಕೆಳಗೆ ಬರೋ ಕಾನೂನಿನ ಸಣ್ಣಪುಟ್ಟ ವಿಷಯಗಳನ್ನ ನಾನು ಇಷ್ಟು ಒತ್ತಿ ಹೇಳೋದು.

2023ರಲ್ಲಿ ಬ್ರೇಸ್ ಬ್ಯಾನ್ ಆಯ್ತು ಅಂತ ಕೇಳಿದ್ದೆ?

ಆಗಿತ್ತು, ಈಗಿಲ್ಲ. 2023ರ ಜನವರಿಯಲ್ಲಿ ಎಟಿಎಫ್ (ಬಂದೂಕಿನ ಕಾನೂನು ನೋಡ್ಕೊಳ್ಳೋ ಫೆಡರಲ್ ಇಲಾಖೆ) ಹೊಸ ರೂಲ್ ತಂದು ಬ್ರೇಸ್ ಇರೋ ಬಹುಪಾಲು ಪಿಸ್ತೂಲುಗಳನ್ನ ಗಿಡ್ಡ ರೈಫಲ್ ಅಂತ ಲೆಕ್ಕ ಹಾಕ್ತು, ಮೇ 31ರ ಒಳಗೆ ರಿಜಿಸ್ಟರ್ ಮಾಡಿ ಇಲ್ಲ ಬಿಚ್ಚಿ ಅಂದ್ರು. ಆಗ ರೇಂಜಿನಲ್ಲಿ ಜನ ಬ್ರೇಸ್ ಬಿಚ್ಚಿಟ್ಟು ಬರೀ ಕೊಳವೆ ಹಿಡ್ಕೊಂಡು ಹೊಡೀತಿದ್ದರು, ನೋಡೋಕೆ ಒಂಥರಾ ಪಾಪ ಅನ್ಸೋದು. 2024ರ ಜೂನ್ 13ಕ್ಕೆ ಟೆಕ್ಸಾಸ್‌ನ ಫೆಡರಲ್ ಜಡ್ಜ್ ರೀಡ್ ಓಕಾನರ್ ಆ ರೂಲನ್ನೇ ರದ್ದು ಮಾಡಿದ್ರು, 2025ರಲ್ಲಿ ಸರ್ಕಾರ ಅಪೀಲನ್ನೂ ಕೈಬಿಟ್ಟಿತು. ಆದ್ರೆ ಒಂದು ನೆನಪಿಟ್ಕೊಳ್ಳಿ, ರದ್ದಾಗಿದ್ದು ಆ ರೂಲ್ ಮಾತ್ರ, 1934ರ ಕಾನೂನು ಇದ್ದ ಹಾಗೇ ಇದೆ. ಬ್ರೇಸ್ ತೆಗೆದು ನಿಜವಾದ ಬಟ್‌ಸ್ಟಾಕ್ ಸಿಕ್ಕಿಸಿದ್ರೋ, ರಿಜಿಸ್ಟರ್ ಆಗದ ಗಿಡ್ಡ ರೈಫಲ್, 10 ವರ್ಷದವರೆಗೆ ಜೈಲು.

ನಾನು ಕ್ಯಾಲಿಫೋರ್ನಿಯಾದಲ್ಲಿದೀನಿ ಅಣ್ಣಾ, ಇಲ್ಲಿ?

ಮರೆತುಬಿಡಿ ತಮ್ಮಾ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿ ಕಡೆ ರಾಜ್ಯದ ಅಸಾಲ್ಟ್ ವೆಪನ್ ಕಾನೂನು ಅಡ್ಡ ಬರುತ್ತೆ, ಮ್ಯಾಗಜೀನಿಗೆ (ಗುಂಡು ತುಂಬಿ ಬಂದೂಕಿಗೆ ಸಿಕ್ಕಿಸೋ ಪೆಟ್ಟಿಗೆ) 10 ಗುಂಡಿನ ಮಿತಿ ಬೇರೆ. ಪಿಸ್ತೂಲನ್ನ ನೀವಿರೋ ರಾಜ್ಯದ ಲೈಸೆನ್ಸ್ ಇರೋ ಅಂಗಡಿಯಿಂದಲೇ ತಗೋಬೇಕು, ಹಾಗಾಗಿ ಟೆಕ್ಸಾಸಿಗೆ ಬಂದು ತಗೊಂಡು ಹೋಗ್ತೀನಿ ಅನ್ನೋದೂ ಆಗಲ್ಲ. ಬೇಕಿದ್ರೆ ನಮ್ಮನೆಗೆ ಊಟಕ್ಕೆ ಬನ್ನಿ.

ಆನ್‌ಲೈನಲ್ಲಿ ಆರ್ಡರ್ ಮಾಡಿದ್ರೆ ಮನೆಗೇ ಬರುತ್ತಾ?

ಬರಲ್ಲ. ನಿಮ್ಮ ಊರಿನ ಲೈಸೆನ್ಸ್ ಇರೋ ಅಂಗಡಿಗೆ ಬರುತ್ತೆ. ಅಲ್ಲಿ ಹೋಗಿ 4473 ಅನ್ನೋ ಫಾರಂ ತುಂಬಬೇಕು, 21 ವರ್ಷ ಆಗಿರಬೇಕು, ಅವರು ಬ್ಯಾಕ್‌ಗ್ರೌಂಡ್ ಚೆಕ್ ಮಾಡ್ತಾರೆ, ಗ್ರೀನ್ ಕಾರ್ಡಿನವರು ಏಲಿಯನ್ ನಂಬರೂ ಬರೀಬೇಕು. ಆ ಫಾರಮ್ಮಲ್ಲಿ ಸುಳ್ಳು ಬರೆದ್ರೆ ಅದೇ ಒಂದು ಅಪರಾಧ. ಅಂಗಡಿಯವರು ಟ್ರಾನ್ಸ್‌ಫರ್ ಫೀ ಅಂತ 20ರಿಂದ 40 ಡಾಲರ್ ತಗೋತಾರೆ. ಫ್ರೆಂಡಿಗೋಸ್ಕರ ನೀವು ತಗೊಂಡು ಆಮೇಲೆ ಅವನಿಗೆ ಕೊಡೋದು, ಅವನು ದುಡ್ಡು ಕೊಟ್ಟಿದ್ದರೆ, ಜೈಲಿಗೆ ಹೋಗೋ ಕೆಲಸ. ಎಚ್-1ಬಿ ಫ್ರೆಂಡು ಕೇಳಿದ್ರೆ ಮುಲಾಜಿಲ್ಲದೆ ಇಲ್ಲ ಅನ್ನಿ.

## ಕೊಳ್ಳೋಕೆ ಮುಂಚೆ

5.56 ತಗೊಳ್ಳಲಾ 9 ಎಂಎಂ ತಗೊಳ್ಳಲಾ?

ಇವು ಗುಂಡಿನ ಅಳತೆ, 5.56 ರೈಫಲ್ ಗುಂಡು, 9 ಎಂಎಂ ಪಿಸ್ತೂಲ್ ಗುಂಡು. ಸುಮ್ಮನೆ ರೇಂಜಿನಲ್ಲಿ ಹೊಡೆಯೋಕೆ ಅಂದ್ರೆ 9 ಎಂಎಂ, ಎರಡನೇ ಮಾತೇ ಇಲ್ಲ. ಅಂಗಡಿಗೆ ಹೋದ್ರೆ ತೀರಾ ಅಗ್ಗಕ್ಕೆ ಸಿಗೋದು 7.5 ಇಂಚಿನ ನಳಿಗೆ ಇರೋ 5.56 ಎಆರ್ (ಎಆರ್-15 ರೈಫಲ್ ಮಾದರಿಯ) ಪಿಸ್ತೂಲು, ಅದೇ ಬಲೆ. ಆ ಗುಂಡು ಬೆಳೆದಿದ್ದು 20 ಇಂಚಿನ ನಳಿಗೆ ಲೆಕ್ಕದಲ್ಲಿ, ಅಲ್ಲಿ ಸೆಕೆಂಡಿಗೆ 3,200 ಅಡಿ ವೇಗ ಹತ್ರ ಹತ್ರ ಬರುತ್ತೆ, 7.5 ಇಂಚಿಗೆ ಇಳಿಸಿದ್ರೆ 2,400-2,500ರ ಆಸುಪಾಸು. ಉಳಿದ ಮದ್ದು ಎಲ್ಲಿಗೆ ಹೋಗುತ್ತೆ? ನಳಿಗೆ ಬಾಯಿಂದ ಆಚೆ ಬಂದು ಉರಿಯುತ್ತೆ. ಇಂಡೋರ್ ರೇಂಜಿನಲ್ಲಿ ಪಕ್ಕದ ಲೇನಲ್ಲಿ ಯಾರಾದ್ರೂ ಇದನ್ನ ಹೊಡೆದ್ರೆ ಮುಖಕ್ಕೆ ಗಾಳಿ ರಾಚುತ್ತೆ, ಒಲೆ ಬಾಗಿಲು ತೆಗೆದ ಹಾಗೆ, ಜನ ತಿರುಗಿ ನೋಡ್ತಾರೆ, ಕೆಲವರು ಚೀಲ ಎತ್ಕೊಂಡು ಲೇನ್ ಬದಲಾಯಿಸ್ಕೊಂಡು ಹೋಗ್ತಾರೆ. ಮೊದಲ ಮೂರು ಗುಂಡು ಮಜಾ, ಮೂವತ್ತನೇದಕ್ಕೆ ತಲೆನೋವು.

9 ಎಂಎಂ ಹುಟ್ಟಿದ್ದೇ ಗಿಡ್ಡ ನಳಿಗೆಗೆ. 4 ಇಂಚಿನಲ್ಲೇ ಮದ್ದು ಬಹುಪಾಲು ಉರಿದಿರುತ್ತೆ, 6-8 ಇಂಚು ಕೊಟ್ರೆ ಇನ್ನೂ ಸ್ವಲ್ಪ ವೇಗ ಸಿಗುತ್ತೆ. 300 ಬ್ಲ್ಯಾಕ್‌ಔಟ್ ಕೂಡ ಗಿಡ್ಡ ನಳಿಗೆಗೆ ಚೆನ್ನಾಗಿ ಒಗ್ಗೋ ಗುಂಡು, ಆದ್ರೆ ಅದರ ರೇಟು ಕೇಳಿದ್ರೆ ಬಜೆಟ್ ಅನ್ನೋ ಮಾತೇ ಬಾಯಿಂದ ಬರಲ್ಲ.

500 ಡಾಲರಿಗೆ ಮುಗಿಯುತ್ತಾ?

ಬಂದೂಕು ಮುಗಿಯುತ್ತೆ, ಖರ್ಚು ಮುಗಿಯಲ್ಲ. ನಮ್ಮವರು ಬಂದೂಕಿಗೆ 50 ಡಾಲರ್ ಉಳಿಸೋಕೆ ಮೂರು ವಾರ ಹುಡುಕ್ತಾರೆ, ಆಮೇಲೆ ಒಂದೇ ವೀಕೆಂಡಲ್ಲಿ ಅದಕ್ಕಿಂತ ಜಾಸ್ತಿ ಗುಂಡು ಸುಡ್ತಾರೆ. ಲೆಕ್ಕ ನೋಡಿ, 9 ಎಂಎಂ ಗುಂಡು 1,000ದ ಡಬ್ಬಿ ತಗೊಂಡ್ರೆ ಒಂದಕ್ಕೆ ಸುಮಾರು 25 ಸೆಂಟು, 5.56 ಅದರ ಹೆಚ್ಚುಕಮ್ಮಿ ಎರಡರಷ್ಟು. ಒಂದು ಸಲ ರೇಂಜಿಗೆ ಹೋದ್ರೆ 150 ಗುಂಡು ಆರಾಮಾಗಿ ಖಾಲಿಯಾಗುತ್ತೆ, ಅಂದ್ರೆ 37-38 ಡಾಲರ್, ಮೇಲೆ ಲೇನ್ ಫೀ. ತಿಂಗಳಿಗೆ ಎರಡು ಸಲ ಹೋದ್ರೆ ವರ್ಷಕ್ಕೆ ಗುಂಡಿಗೇ 900 ಡಾಲರ್. ಇದಕ್ಕೆ ರೆಡ್ ಡಾಟ್ (ಗುರಿ ಮೇಲೆ ಕೆಂಪು ಚುಕ್ಕೆ ತೋರಿಸೋ ಸೈಟು) 100-150, ಎರಡು ಮೂರು ಮ್ಯಾಗಜೀನ್, ಕಿವಿಗೆ ಕಣ್ಣಿಗೆ ರಕ್ಷಣೆ, ಬೀಗ ಇರೋ ಪೆಟ್ಟಿಗೆ. ನಾನು ಮೊದಲನೇ ವರ್ಷದ ಲೆಕ್ಕ ಎಕ್ಸೆಲ್ಲಲ್ಲಿ ಹಾಕಿದ್ದೆ, ಹೆಂಡತಿ ನೋಡಿದ ಮೇಲೆ ಆ ಫೈಲ್ ಡಿಲೀಟ್ ಮಾಡಿದೆ.

ಯಾವ ಮಾಡೆಲ್ ನೋಡ್ಲಿ, ಒಂದೆರಡು ಹೆಸರು ಹೇಳಿ

ಬಜೆಟ್ಟಲ್ಲಿ ಜನ ಜಾಸ್ತಿ ಹೇಳೋದು ಅರಿಜೋನಾದ ಎಕ್ಸ್‌ಟಾರ್ ಇಪಿ9, ಮೈಯೆಲ್ಲ ಪ್ಲಾಸ್ಟಿಕ್, ಹಗುರ, ಬ್ರೇಸ್ ಜೊತೆಗೇ ಬರುತ್ತೆ, ಗ್ಲಾಕ್ ಕಂಪನಿ ಪಿಸ್ತೂಲಿನ ಮ್ಯಾಗಜೀನ್ ಹಾಕಬಹುದು. ರೂಗರ್ ಪಿಸಿ ಚಾರ್ಜರ್ 6.5 ಇಂಚಿನ ನಳಿಗೆದು, ಎರಡು ತುಂಡು ಮಾಡಿ ಚೀಲಕ್ಕೆ ಹಾಕ್ಕೋಬಹುದು, ಅದಕ್ಕೆ ಬ್ರೇಸನ್ನ ಬೇರೆ ಕೊಂಡು ಹಿಂದಿನ ರೈಲಿಗೆ ಹಾಕಬೇಕು, ಆ ಖರ್ಚು ಸೇರಿಸಿ ನೋಡಿ. ಪಾಲ್ಮೆಟೋ ಕಂಪನಿಯವರ 9 ಎಂಎಂ ಎಆರ್ ಆಗಾಗ ಸೇಲಿಗೆ ಬರುತ್ತೆ. ಸ್ಲೋವಾಕಿಯಾದ ಸ್ಟ್ರೈಬಾಗ್, ಚೆಕ್ ದೇಶದ ಸಿಜೆಡ್ ಸ್ಕಾರ್ಪಿಯನ್ ಒಂದು ಮೆಟ್ಟಿಲು ಮೇಲೆ. ನನ್ನ ಕೇಳಿದ್ರೆ ಮೊದಲು ಮ್ಯಾಗಜೀನ್ ನೋಡಿ, ಆಮೇಲೆ ಬಂದೂಕು. ಗ್ಲಾಕ್ ಮ್ಯಾಗಜೀನ್ ಯಾವ ಅಂಗಡಿಯಲ್ಲೂ ಸಿಗುತ್ತೆ, ಅಗ್ಗ, ಗಟ್ಟಿ. ಒಂದೇ ಕಂಪನಿ ಮಾಡೋ ಮ್ಯಾಗಜೀನ್ ಇರೋದು ತಗೊಂಡ್ರೆ ಮುಂದೆ ಆ ಕಂಪನಿ ಹೇಳಿದ್ದೇ ರೇಟು.

ಅಂಗಡಿಯಲ್ಲಿ ಕೈಗೆ ಕೊಟ್ಟಾಗ ಏನು ನೋಡ್ಬೇಕು? ಸುಮ್ನೆ ಹಿಡ್ಕೊಂಡು ತಲೆ ಆಡಿಸಿ ವಾಪಸ್ ಕೊಡ್ತೀನಿ

ನಾನೂ ಹಾಗೇ ಮಾಡ್ತಿದ್ದೆ. ಮೊದಲು ನೀವೇ ಚೇಂಬರ್ (ನಳಿಗೆ ಬುಡದಲ್ಲಿ ಗುಂಡು ಕೂರೋ ಜಾಗ) ಖಾಲಿ ಇದೆಯಾ ನೋಡಿ, ಅಂಗಡಿಯವನು ಆಗಲೇ ತೋರಿಸಿದ್ರೂ ನೋಡಿ, ಬೆರಳು ಹಾಕಿ ಮುಟ್ಟಿ ನೋಡಿದ್ರೂ ಯಾರೂ ನಗಲ್ಲ. ಆಮೇಲೆ ಬೋಲ್ಟ್ (ಗುಂಡಿನ ಬೆನ್ನಿಗೆ ಹಿಂದೆ ಮುಂದೆ ಸರಿಯೋ ಭಾಗ) ಎಳೀರಿ. ಬಜೆಟ್ 9 ಎಂಎಂಗಳಲ್ಲಿ ಸ್ಪ್ರಿಂಗ್ ಬಿಗಿ ಇರುತ್ತೆ, ಹೆಂಡತಿನೂ ಹೊಡೀತಾರೆ ಅಂದ್ರೆ ಅವರ ಕೈಲೂ ಎಳೆಸಿ ನೋಡಿ. ಖಾಲಿ ಮ್ಯಾಗಜೀನ್ ಹಾಕಿ ಬೋಲ್ಟ್ ಹಿಂದಕ್ಕೆ ಎಳೆದ್ರೆ ಅಲ್ಲೇ ನಿಲ್ಲಬೇಕು, ಕೆಲವು ಮಾಡೆಲ್ಲಲ್ಲಿ ಆ ಸೌಕರ್ಯನೇ ಇರಲ್ಲ, ಕೇಳಿಕೊಳ್ಳಿ. ಎಆರ್ ಥರದ್ದಾದ್ರೆ ಹಿಂದಿನ ಕೊಳವೆ ಬುಡದಲ್ಲಿ ಹಲ್ಲು ಹಲ್ಲಾಗಿರೋ ನಟ್ಟು ಇರುತ್ತೆ, ಅದರ ಪಕ್ಕದ ಲೋಹಕ್ಕೆ ಉಳಿ ಇಟ್ಟು ಹೊಡೆದ ಗುರುತು ಇರಬೇಕು, ಇಲ್ಲ ಅಂದ್ರೆ ಹೊಡೀತಾ ಹೊಡೀತಾ ನಟ್ಟು ಸಡಿಲ ಆಗುತ್ತೆ. ಬ್ರೇಸನ್ನ ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ, ಅಗ್ಗದ್ದು ಗಿಲಿಗಿಲಿ ಅನ್ನುತ್ತೆ, ಅದು ಅಪಾಯ ಅಲ್ಲ, ಕಿರಿಕಿರಿ ಅಷ್ಟೇ. ಟ್ರಿಗ್ಗರ್ ಒತ್ತಿ ನೋಡೋಕೆ ಮುಂಚೆ ಅಂಗಡಿಯವನನ್ನ ಕೇಳಿ.

ಸೆಕೆಂಡ್ ಹ್ಯಾಂಡ್ ತಗೋಬೋದಾ?

ಖಂಡಿತ. ಇಂಥ ಬಂದೂಕು ಜನ ಆಸೆಗೆ ತಗೊಂಡು 200 ಗುಂಡು ಹೊಡೆದು ಮೂಲೆಗಿಟ್ಟಿರ್ತಾರೆ. ಕೇಳಬೇಕಾದ ಒಂದೇ ಪ್ರಶ್ನೆ, "ಇದಕ್ಕೆ ಏನೇನು ಬದಲಾಯಿಸಿದೀರಿ?" ಟ್ರಿಗ್ಗರ್, ಬಫರ್ (ಬೋಲ್ಟಿನ ಹಿಂದೆ ಕೂತು ಹೊಡೆತ ತಡೆಯೋ ತುಂಡು), ಸ್ಪ್ರಿಂಗ್ ಅಂತ ಪಟ್ಟಿ ಉದ್ದ ಆದಷ್ಟೂ ಬೆಲೆ ಇಳಿಸಿ. ವ್ಯವಹಾರ ಮಾತ್ರ ಅಂಗಡಿ ಮೂಲಕವೇ ಮಾಡಿ, 30 ಡಾಲರ್ ಹೋಗುತ್ತೆ, ರಾತ್ರಿ ನಿದ್ದೆ ಬರುತ್ತೆ.

## ರೇಂಜಿಗೆ ಹೋದ ಮೇಲೆ

9 ಎಂಎಂ ಅಲ್ವಾ, ಯಾಕಿಷ್ಟು ಒದೆಯುತ್ತೆ? ಮೃದು ಅಂದಿದ್ರಿ

ಎಲ್ಲರೂ ಇಲ್ಲೇ ಬೈಯೋದು. ಬಜೆಟ್ 9 ಎಂಎಂಗಳು ಬಹುತೇಕ ಬ್ಲೋಬ್ಯಾಕ್, ಅಂದ್ರೆ ಬೋಲ್ಟನ್ನ ಹಿಡಿದಿಡೋಕೆ ಬೀಗ ಅಂತ ಏನೂ ಇಲ್ಲ, ಬೋಲ್ಟಿನ ತೂಕ ಮತ್ತೆ ಸ್ಪ್ರಿಂಗ್, ಅಷ್ಟೇ. ಗುಂಡು ನಳಿಗೆ ಬಿಡೋವರೆಗೂ ಬೋಲ್ಟ್ ಹಿಂದೆ ಓಡಬಾರದು ಅಂತ ಅದನ್ನ ಅರ್ಧ ಕೇಜಿ ಮೇಲೆ ಭಾರ ಮಾಡಿರ್ತಾರೆ. ಆ ಕಬ್ಬಿಣದ ಮುದ್ದೆ ಹಿಂದಕ್ಕೆ ಬಂದು ಗುದ್ದುತ್ತೆ, ಮತ್ತೆ ಮುಂದಕ್ಕೆ ಹೋಗಿ ಗುದ್ದುತ್ತೆ, ಹಾಗಾಗಿ ಒದೆತಕ್ಕಿಂತ ಅಲ್ಲಾಟ ಜಾಸ್ತಿ, ಕೆಂಪು ಚುಕ್ಕೆ ಮೇಲೆ ಕೆಳಗೆ ಕುಣಿಯುತ್ತೆ. 16 ಇಂಚಿನ 5.56 ರೈಫಲ್ ಇದಕ್ಕಿಂತ ನಯವಾಗಿ ಹೊಡೆಯುತ್ತೆ ಅಂದ್ರೆ ನಂಬಲ್ಲ, ನಿಜ. ಭಾರದ ಬಫರ್ ಹಾಕಿದ್ರೆ ಸ್ವಲ್ಪ ಇಳಿಯುತ್ತೆ. ಬೋಲ್ಟನ್ನ ತಡೆದು ಹಿಡಿಯೋ ರೋಲರ್ ಇರೋ ಎಂಪಿ5 (ಜರ್ಮನಿಯ ಸಬ್‌ಮಷೀನ್ ಗನ್) ಜಾತಿಯವು ಬೆಣ್ಣೆ ಥರ ಹೊಡೀತವೆ, ರೇಟೂ ಬೆಣ್ಣೆ ತುಪ್ಪದ್ದೇ.

ಜಾಮ್ ಆಗ್ತಿದೆ, ವಾಪಸ್ ಕೊಟ್ಬಿಡ್ಲಾ?

ತಡೀರಿ, ಮೊದಲು ಮ್ಯಾಗಜೀನನ್ನ ಅನುಮಾನಿಸಿ. ಮ್ಯಾಗಜೀನುಗಳ ತಳಕ್ಕೆ ಮಾರ್ಕರಲ್ಲಿ 1, 2, 3 ಅಂತ ಬರೀರಿ, ಪ್ರತೀ ಸಲ ನಿಂತಾಗ ಯಾವ ನಂಬರು, ಎಷ್ಟನೇ ಗುಂಡು, ಏನಾಯ್ತು ಅಂತ ಫೋನಲ್ಲಿ ಗುರುತು ಮಾಡ್ಕೊಳ್ಳಿ. ನನ್ನ ಮೊದಲನೇ ಬಂದೂಕು, ಹೆಸರು ಬೇಡ, ಒಂದು ಅಗ್ಗದ 9 ಎಂಎಂ ಎಆರ್. ಮೊದಲ ದಿನ 100 ಗುಂಡಿಗೆ 9 ಸಲ ನಿಲ್ತು. ಪೇಟಿಎಂ ಮಷೀನ್ ಕೈಕೊಟ್ಟಾಗ ದರ್ಶಿನಿಯವನು ತಟ್ಟೋ ಹಾಗೆ ತಟ್ಟಿ ತಟ್ಟಿ ಹೊಡೆದೆ. ಮನೆಗೆ ಬಂದು ಗುರುತು ಹಾಕಿದ್ದು ನೋಡಿದ್ರೆ 9ರಲ್ಲಿ 7 ಸಲ ಒಂದೇ ಮ್ಯಾಗಜೀನು, ಅದೂ ಬಂದೂಕಿನ ಜೊತೆ ಬಂದಿದ್ದು. ಅದನ್ನ ಬದಿಗಿಟ್ಟೆ. ಉಳಿದ ಎರಡು ಬರೀ ಬೋಲ್ಟ್ ಒಣಗಿದ್ದಕ್ಕೆ, ಎಣ್ಣೆ ಹಾಕಿದ ಮೇಲೆ ನಿಂತೋಯ್ತು.

ಹೊಸ ಬಂದೂಕಿಗೆ ಎಣ್ಣೆ ಹಾಕಿ, 115 ಗ್ರೇನಿನ (ಗ್ರೇನ್ ಅಂದ್ರೆ ಗುಂಡಿನ ತೂಕದ ಅಳತೆ) ಸಾದಾ ಹಿತ್ತಾಳೆ ಕೋಶದ ಗುಂಡು 200 ಹೊಡೀರಿ, ಅಲ್ಲೀವರೆಗೂ ತೀರ್ಪು ಬೇಡ. 200 ಆದ ಮೇಲೂ ಒಳ್ಳೇ ಮ್ಯಾಗಜೀನಲ್ಲಿ ಮತ್ತೆ ಮತ್ತೆ ನಿಂತ್ರೆ ಕಂಪನಿಗೆ ಬರೀರಿ, ನೀವೇ ಫೈಲ್ ಹಿಡ್ಕೊಂಡು ಉಜ್ಜೋಕೆ ಹೋಗಬೇಡಿ.

ಒಂದ್ಸಲ 'ಪುಸ್' ಅಂತ ಸಣ್ಣ ಸದ್ದು ಬಂತು, ಮತ್ತೆ ಹೊಡೆದ್ರೆ ಸರಿ ಹೋಗುತ್ತಾ?

ಹೊಡೀಬೇಡಿ! ನಿಲ್ಲಿಸಿ. ಸದ್ದು ಅಥವಾ ಒದೆತ ಯಾವಾಗಿನ ಹಾಗೆ ಇಲ್ಲ ಅಂದ್ರೆ ಗುಂಡು ನಳಿಗೆ ಒಳಗೇ ಸಿಕ್ಕಿಕೊಂಡಿರಬಹುದು, ಅದರ ಹಿಂದೆ ಇನ್ನೊಂದು ಹೊಡೆದ್ರೆ ನಳಿಗೆ ಸಿಡಿಯುತ್ತೆ. ಗುರಿ ಕಡೆಗೇ ಮೂತಿ ಹಿಡ್ಕೊಂಡು 30 ಸೆಕೆಂಡ್ ಕಾಯಿರಿ, ಮ್ಯಾಗಜೀನ್ ತೆಗೆದು ರೇಂಜ್ ಆಫೀಸರನ್ನ ಕರೀರಿ. ಕ್ಲಿಕ್ ಅಂದು ಏನೂ ಆಗದೇ ಇದ್ರೂ ಅದೇ 30 ಸೆಕೆಂಡ್.

ಎಡಗೈ ಎಲ್ಲಿ ಹಿಡೀಬೇಕು? ಜಾಗಾನೇ ಇಲ್ಲ

ಗಿಡ್ಡ ನಳಿಗೆಯ ದೊಡ್ಡ ಅಪಾಯ ಇದೇ. ಉದ್ದ ರೈಫಲ್ ಅಭ್ಯಾಸ ಇರೋರು ಕೈನ ಮುಂದಕ್ಕೆ ಚಾಚ್ತಾರೆ, ಇಲ್ಲಿ ಮುಂದೆ ಇರೋದು ನಳಿಗೆ ಬಾಯಿ. ಹೊಡೀತಾ ಹೊಡೀತಾ ಕೈ ಬೆವರಿ ಅರ್ಧ ಇಂಚು ಜಾರಿದ್ರೆ ಬೆರಳು ಹೋಯ್ತು. 15-20 ಡಾಲರಿಗೆ ಹ್ಯಾಂಡ್ ಸ್ಟಾಪ್ ಅಂತ ಸಣ್ಣ ಕೊಂಬಿನಂಥ ತುಂಡು ಸಿಗುತ್ತೆ, ಕೈ ಅದಕ್ಕೆ ತಾಗಿ ನಿಲ್ಲುತ್ತೆ. ರೆಡ್ ಡಾಟಿಗೆ ಮುಂಚೆ ಇದನ್ನ ಹಾಕ್ಸಿ.

ರೆಡ್ ಡಾಟ್ ನೋಡಿದ್ರೆ ಚುಕ್ಕೆ ಕಾಣಲ್ಲ, ದೀಪಾವಳಿ ಹೂಕುಂಡದ ಥರ ಕಾಣುತ್ತೆ. ಡಿಫೆಕ್ಟಿವ್ ಪೀಸಾ?

ಹೂಕುಂಡ ನಿಮ್ಮ ಕಣ್ಣಲ್ಲಿದೆ. ಫೋನ್ ಕ್ಯಾಮೆರಾನ ರೆಡ್ ಡಾಟ್ ಹಿಂದೆ ಇಟ್ಟು ಫೋಟೋ ತೆಗೀರಿ, ಫೋಟೋದಲ್ಲಿ ದುಂಡಗಿದ್ರೆ ಸಾಮಾನು ಸರಿ ಇದೆ, ನಿಮಗೆ ಅಸ್ಟಿಗ್ಮಾಟಿಸಂ ಇದೆ. ದಿನಾ ಹತ್ತು ಗಂಟೆ ಸ್ಕ್ರೀನ್ ನೋಡೋ ನಮ್ಮಂಥ ಕನ್ನಡಕದವರ ಗುಂಪಲ್ಲಿ ಇದು ಮಾಮೂಲಿ ದೂರು. ಬೆಳಕು ಕಮ್ಮಿ ಮಾಡಿ ನೋಡಿ, ಕನ್ನಡಕ ಹಾಕ್ಕೊಂಡು ನೋಡಿ. ಆಗಲೂ ಆಗದಿದ್ರೆ ಪ್ರಿಸಂ ಸೈಟ್ ತಗೊಳ್ಳಿ, ಅದರಲ್ಲಿ ಗೆರೆಗಳನ್ನ ಗಾಜಿನ ಮೇಲೇ ಕೊರೆದಿರ್ತಾರೆ, ಚೊಕ್ಕವಾಗಿ ಕಾಣುತ್ತೆ.

25 ಗಜದಲ್ಲಿ ನಡುಮಧ್ಯೆ ಬೀಳುತ್ತೆ, 7 ಗಜದಲ್ಲಿ ಕೆಳಗೆ ಬೀಳುತ್ತೆ, ಹತ್ರ ಬಂದ್ರೆ ಇನ್ನೂ ಚೆನ್ನಾಗಿ ಬೀಳ್ಬೇಕಲ್ವಾ?

ರೆಡ್ ಡಾಟ್ ನಳಿಗೆಗಿಂತ ಸುಮಾರು ಎರಡೂವರೆ ಇಂಚು ಮೇಲೆ ಕೂತಿದೆ. 25 ಗಜದಲ್ಲಿ ಎರಡೂ ಒಂದೇ ಜಾಗಕ್ಕೆ ಸೇರೋ ಹಾಗೆ ಸೆಟ್ ಮಾಡಿದೀರಿ, ಅದಕ್ಕೂ ಮುಂಚೆ ಗುಂಡು ನಿಮ್ಮ ದೃಷ್ಟಿಗಿಂತ ಕೆಳಗೇ ಇರುತ್ತೆ, 7 ಗಜದಲ್ಲಿ ಹತ್ರ ಹತ್ರ 2 ಇಂಚು. ಸೈಟ್ ತಿರುಗಿಸೋಕೆ ಹೋಗಬೇಡಿ, ಹತ್ರದ ಗುರಿಗೆ ಅಷ್ಟು ಮೇಲೆ ಹಿಡೀರಿ.

ರೇಂಜಿನವರು ನನ್ನ ಗುಂಡಿಗೆ ಮ್ಯಾಗ್ನೆಟ್ ಹಿಡಿದು ವಾಪಸ್ ಕಳಿಸಿದ್ರು, ಯಾಕೆ?

ಗುಂಡಿನಲ್ಲಿ ಉಕ್ಕು ಇದ್ರೆ ಹಿಂದಿನ ಗೋಡೆ ಹಾಳಾಗುತ್ತೆ, ಕಿಡಿ ಹಾರುತ್ತೆ ಅಂತ ಇಂಡೋರ್ ರೇಂಜಿನವರು ಬಿಡಲ್ಲ. 5.56ನಲ್ಲಿ ತುದಿಗೆ ಹಸಿರು ಬಣ್ಣ ಇರೋದು ಇದೇ ಕಾರಣಕ್ಕೆ ಬಹಳ ಕಡೆ ನಡೆಯಲ್ಲ. ಡಬ್ಬಿ ಕೊಳ್ಳೋಕೆ ಮುಂಚೆ ರೇಂಜಿಗೆ ಒಂದು ಫೋನ್ ಮಾಡಿ. ಹಾಗೇ, ಎಷ್ಟು ಬೇಗ ಹೊಡೀಬಹುದು ಅಂತಾನೂ ಕೇಳಿ, ಕೆಲವು ಕಡೆ ಸೆಕೆಂಡಿಗೆ ಒಂದೇ ಗುಂಡು.

ಮನೆಯಲ್ಲಿ ಪುಟ್ಟ ಮಗು ಇದೆ, ಏನು ಎಚ್ಚರಿಕೆ ಬೇಕು?

ಎರಡು. ಒಂದು ಬೀಗ. ಟೆಕ್ಸಾಸಲ್ಲಿ 17 ವರ್ಷದೊಳಗಿನ ಮಕ್ಕಳ ಕೈಗೆ ಲೋಡ್ ಮಾಡಿದ ಬಂದೂಕು ಸಿಗೋ ಹಾಗೆ ಬಿಟ್ರೆ ದೊಡ್ಡವರ ಮೇಲೆ ಕೇಸು. ಕಾನೂನು ಬಿಡಿ, ಅಲ್ಮೇರಾ ಮೇಲೆ ಇಟ್ಟಿದೀನಿ ಮಗುಗೆ ಎಟುಕಲ್ಲ ಅನ್ನೋರು ಅದೇ ಮಗು ಚಕ್ಲಿ ಡಬ್ಬಿ ಎಲ್ಲಿಂದ ಇಳಿಸಿಕೊಳ್ತು ಅಂತ ನೆನಪು ಮಾಡ್ಕೊಳ್ಳಿ. ಬಂದೂಕು ಖಾಲಿ ಮಾಡಿ ಪೆಟ್ಟಿಗೆಯಲ್ಲಿ, ಗುಂಡು ಬೇರೆ ಬೀಗದಲ್ಲಿ.

ಇನ್ನೊಂದು ಸೀಸ. ಹೊಡೆದಾಗ ಸೀಸದ ಧೂಳು ಕೈಗೆ, ಬಟ್ಟೆಗೆ, ಶೂಗೆ ಅಂಟುತ್ತೆ, ಮಕ್ಕಳಿಗೆ ಅದು ತುಂಬಾ ಕೆಟ್ಟದ್ದು. ರೇಂಜಲ್ಲೇ ಸೋಪು ಹಾಕಿ ತಣ್ಣೀರಲ್ಲಿ ಕೈ ಮುಖ ತೊಳೀರಿ, ಅಲ್ಲೀವರೆಗೂ ಕಾಫಿ ತಿಂಡಿ ಮುಟ್ಟಬೇಡಿ, ಶೂ ಹೊರಗೆ ಬಿಡಿ, ಬಟ್ಟೆ ಬದಲಾಯಿಸಿ ಆಮೇಲೆ ಮಗು ಎತ್ಕೊಳ್ಳಿ. ಚಪ್ಪಲಿ ಹೊರಗೆ ಬಿಡೋದನ್ನ ನಮಗೇನು ಹೊಸದಾಗಿ ಹೇಳಿಕೊಡಬೇಕಾ.

ಕಿವಿಗೆ ಇಯರ್‌ಪ್ಲಗ್ ಸಾಕಾ?

ಹೊರಗಿನ ರೇಂಜಲ್ಲಿ 9 ಎಂಎಂಗೆ ಒಳ್ಳೇ ಪ್ಲಗ್ ಸರಿಯಾಗಿ ಹಾಕಿದ್ರೆ ನಡೆಯುತ್ತೆ. ಇಂಡೋರಲ್ಲಿ ಪ್ಲಗ್ ಮೇಲೆ ಮಫ್ (ಕಿವಿ ಪೂರ್ತಿ ಮುಚ್ಚೋ ಹೆಡ್‌ಫೋನ್ ಥರದ್ದು), ಎರಡೂ. ಹೊಡೆತದ ಸದ್ದು 140 ಡೆಸಿಬೆಲ್ ದಾಟಿದ್ರೆ ಒಂದೇ ಸಲಕ್ಕೂ ಕಿವಿಗೆ ಏಟು, ಗಿಡ್ಡ 5.56 160ರ ಮೇಲಿದೆ.

## ಸ್ವಲ್ಪ ಮುಂದುವರಿದೋರಿಗೆ

ಮುಂದೆ ಒಂದು ನೇರ ಹಿಡಿ ಹಾಕ್ಕೊಳ್ಳಲಾ, ಅಮೆಜಾನಲ್ಲಿ 12 ಡಾಲರ್?

ಹಾಕಬೇಡಿ. ಪಿಸ್ತೂಲು ಅಂದ್ರೆ ಒಂದು ಕೈಯಲ್ಲಿ ಹೊಡೆಯೋಕೆ ಮಾಡಿದ್ದು ಅಂತ ಕಾನೂನು, 26 ಇಂಚಿಗಿಂತ ಗಿಡ್ಡ ಇರೋದಕ್ಕೆ ನೇರವಾಗಿ ಕೆಳಗಿಳಿಯೋ ಹಿಡಿ ಹಾಕಿದ ಕೂಡಲೇ ಅದು ಪಿಸ್ತೂಲ್ ಪಟ್ಟಿಯಿಂದ ಜಾರಿ ರಿಜಿಸ್ಟರ್ ಮಾಡಿಸಬೇಕಾದ ಪಟ್ಟಿಗೆ ಬೀಳುತ್ತೆ. 12 ಡಾಲರಿನ ಪ್ಲಾಸ್ಟಿಕ್ಕಿಗೆ ಫೆಲನಿ, ಅಂದ್ರೆ ದೊಡ್ಡ ಅಪರಾಧ. ಮೇಲೆ ಹೇಳಿದ ಸಣ್ಣ ಹ್ಯಾಂಡ್ ಸ್ಟಾಪ್ ಈ ಲೆಕ್ಕಕ್ಕೆ ಬರಲ್ಲ.

ಈಗ ಟ್ಯಾಕ್ಸ್ ಸೊನ್ನೆ ಅಂತಲ್ಲ, ಬ್ರೇಸ್ ಯಾಕೆ, ನೇರವಾಗಿ ಗಿಡ್ಡ ರೈಫಲ್ ಅಂತಲೇ ರಿಜಿಸ್ಟರ್ ಮಾಡ್ಸಬಹುದಲ್ಲ?

ಒಳ್ಳೇ ಪ್ರಶ್ನೆ. 1934ರಿಂದ ಇದ್ದ 200 ಡಾಲರ್ ಟ್ಯಾಕ್ಸು 2026ರ ಜನವರಿ 1ರಿಂದ ಗಿಡ್ಡ ರೈಫಲ್ ಮತ್ತೆ ಸೈಲೆನ್ಸರಿಗೆ ಸೊನ್ನೆ ಆಯ್ತು. ಹೋಗಿದ್ದು ದುಡ್ಡು ಮಾತ್ರ. ಫಾರಂ 1 ಅನ್ನೋ ಅರ್ಜಿ, ಬೆರಳಚ್ಚು, ಫೋಟೋ, ಬಂದೂಕಿನ ಮೇಲೆ ನಿಮ್ಮ ಹೆಸರು ಊರು ಕೆತ್ತಿಸೋದು, ಎಲ್ಲಾ ಹಾಗೇ ಇದೆ, ಅಪ್ರೂವಲ್ ಬರೋವರೆಗೂ ಬಟ್‌ಸ್ಟಾಕ್ ಹಾಕೋ ಹಾಗಿಲ್ಲ, ಬೇರೆ ರಾಜ್ಯಕ್ಕೆ ತಗೊಂಡು ಹೋಗೋಕೆ ಮುಂಚೆ ಎಟಿಎಫ್ ಅನುಮತಿ ಬೇಕು. ತಿಂಗಳಿಗೆ ಎರಡು ಸಲ ಊರೊಳಗಿನ ರೇಂಜಿಗೆ ಹೋಗೋನಿಗೆ ಬ್ರೇಸೇ ಸಾಕು ಅಂತ ನನ್ನ ಅಭಿಪ್ರಾಯ, ಆದ್ರೆ ಬ್ರೇಸ್ ಕೆನ್ನೆಗೆ ಒಗ್ಗಲಿಲ್ಲ ಅನ್ನೋರಿಗೆ ಈಗ ಈ ದಾರಿ ಮೊದಲಿನಷ್ಟು ದುಬಾರಿ ಅಲ್ಲ. ನನ್ನ ಫ್ರೆಂಡೊಬ್ಬ ಮಾಡಿಸಿದಾನೆ, ಬೆರಳಚ್ಚು ಕೊಡೋವಾಗ ವೀಸಾ ಬಯೋಮೆಟ್ರಿಕ್ ನೆನಪಾಯ್ತಂತೆ.

ಇದು ಒಳ್ಳೇ ಬಂದೂಕಾ ಅಲ್ವಾ ಅಂತ ಹೆಂಗೆ ಅಳೆಯೋದು? ಕಣ್ಣಂದಾಜು ಬೇಡ, ನಂಬರ್ ಹೇಳಿ

ನಾನು ಮಾಡೋದು ಇಷ್ಟು. ಟೇಬಲ್ ಮೇಲೆ ಚೀಲ ಇಟ್ಟು ಅದರ ಮೇಲೆ ಬಂದೂಕಿಟ್ಟು 25 ಗಜಕ್ಕೆ 5 ಗುಂಡು, ಹೀಗೆ ನಾಲ್ಕು ಸಲ, ಬೇರೆ ಬೇರೆ ಕಾಗದಕ್ಕೆ. ದೂರ ದೂರದ ಎರಡು ತೂತಿನ ನಡುವೆ 2-3 ಇಂಚು ಬಂದ್ರೆ ಈ ದುಡ್ಡಿಗೆ ಸಂತೋಷವಾಗಿರಿ. ಅತ್ಯುತ್ತಮ ಕಾಗದ ಮಾತ್ರ ಫೋಟೋ ಹಾಕೋರ ಮಾತು ನಂಬಬೇಡಿ, ನಾಲ್ಕೂ ಕಾಗದ ನೋಡಬೇಕು. ಆಮೇಲೆ 124 ಗ್ರೇನಿನ ಗುಂಡಲ್ಲಿ ಇನ್ನೊಂದು ಸಲ, ಕೆಲವು ನಳಿಗೆಗೆ ಅದು ಜಾಸ್ತಿ ಒಗ್ಗುತ್ತೆ. ಇನ್ನೊಂದು ಲೆಕ್ಕ, ತೊಳೆಯದೆ 500 ಗುಂಡಿಗೆ ಎಷ್ಟು ಸಲ ನಿಲ್ತು. ನನ್ನದು ಆ ಮ್ಯಾಗಜೀನ್ ಎಸೆದ ಮೇಲೆ 500ಕ್ಕೆ 1.

ಕೊನೆಗೆ ಒಂದು ಅಳತೆ ನಂಬರಿಗೆ ಬರಲ್ಲ. ಮೂರನೇ ತಿಂಗಳೂ ಶನಿವಾರ ಬೆಳಗ್ಗೆ ಚೀಲಕ್ಕೆ ಕೈ ಹಾಕಿದಾಗ ಅದನ್ನೇ ತಗೋತೀರಾ? ನಮ್ಮ ಗುಂಪಲ್ಲಿ ಇಬ್ಬರು ಬ್ರೇಸ್ ಪಿಸ್ತೂಲ್ ಮಾರಿ .22 ರೈಫಲ್ ತಗೊಂಡ್ರು, ಗುಂಡು ಒಂದಕ್ಕೆ 10 ಸೆಂಟಿನ ಒಳಗೆ, ಸದ್ದು ಕಮ್ಮಿ, ಮಕ್ಕಳು ದೊಡ್ಡವರಾದ ಮೇಲೆ ಕಲಿಸಬಹುದು ಅಂತ. ಅವರು ಮಾಡಿದ್ದು ತಪ್ಪು ಅಂತ ನನಗೆ ಅನ್ಸಲ್ಲ.

ಎಷ್ಟು ಸಲ ಕ್ಲೀನ್ ಮಾಡ್ಬೇಕು?

ಬ್ಲೋಬ್ಯಾಕ್ ಗಲೀಜು ಜಾಸ್ತಿ ಮಾಡುತ್ತೆ, ಮಸಿ ಎಲ್ಲಾ ಒಳಗೇ ಬರುತ್ತೆ. ನಾನು 400-500 ಗುಂಡಿಗೆ ಒಂದ್ಸಲ, ಗ್ಯಾರೇಜಲ್ಲಿ, ಗ್ಲೌಸ್ ಹಾಕ್ಕೊಂಡು. ಊಟದ ಟೇಬಲ್ ಮೇಲೆ ಮಾಡಬೇಡಿ, ಸೀಸದ ಕಾರಣಕ್ಕೂ, ಮನೆಯವರ ಕಾರಣಕ್ಕೂ.

ಊರಿಗೆ ಹೋಗ್ತಿದೀನಿ, ರೆಡ್ ಡಾಟ್ ಅಥವಾ ಖಾಲಿ ಮ್ಯಾಗಜೀನ್ ತಮ್ಮನಿಗೆ ತೋರಿಸೋಕೆ ತಗೊಂಡು ಹೋಗ್ಲಾ?

ಬೇಡವೇ ಬೇಡ. ಬಂದೂಕಿನ ಬಿಡಿಭಾಗ ದೇಶದಿಂದ ಆಚೆ ಒಯ್ಯೋಕೆ ಅಮೆರಿಕಾದ ಎಕ್ಸ್‌ಪೋರ್ಟ್ ಕಾನೂನು ಅಡ್ಡ, ಆ ಕಡೆ ಇಳಿದ್ರೆ ಆರ್ಮ್ಸ್ ಆಕ್ಟ್. ಇದಕ್ಕಿಂತ ದೊಡ್ಡ ಅಪಾಯ ಗೊತ್ತಿಲ್ಲದೆ ಹೋಗೋದು. ರೇಂಜಿಗೆ ಒಯ್ಯೋ ಬ್ಯಾಕ್‌ಪ್ಯಾಕನ್ನೇ ಏರ್‌ಪೋರ್ಟಿಗೂ ಹಾಕ್ಕೊಂಡು ಹೋಗಿರ್ತೀರಿ, ಪಕ್ಕದ ಜೇಬಲ್ಲಿ ಒಂದು ಗುಂಡು ಉಳಿದಿರುತ್ತೆ. ಇಂಡಿಯಾದ ಏರ್‌ಪೋರ್ಟುಗಳಲ್ಲಿ ಒಂದೇ ಒಂದು ಗುಂಡಿಗೂ ಪೊಲೀಸ್ ಕೇಸು ಆಗುತ್ತೆ, ವಾಪಸ್ ಬರೋ ಫ್ಲೈಟ್ ತಪ್ಪುತ್ತೆ, ಆಮೇಲೆ ಕೋರ್ಟಿಗೆ ಓಡಾಡಬೇಕು. ಹೋದ ಡಿಸೆಂಬರಲ್ಲಿ ಕೆಂಪೇಗೌಡ ಏರ್‌ಪೋರ್ಟಿಗೆ ಹೊರಡೋ ಹಿಂದಿನ ರಾತ್ರಿ ನನ್ನ ಚೀಲ ಕೊಡವಿದೆ, ಮಗನ ಕ್ರೇಯಾನ್ ಜೊತೆ ಎರಡು ಹಿತ್ತಾಳೆ ಖಾಲಿ ಕೋಶ ಉರುಳಿಕೊಂಡು ಬಂದು ಮಂಚದ ಕೆಳಗೆ ಹೋದ್ವು. ರೇಂಜಿಗೆ ಈಗ ಬೇರೆ ಚೀಲ, ಕಿತ್ತಳೆ ಬಣ್ಣದ್ದು, ಅದನ್ನ ಗ್ಯಾರೇಜಿನಿಂದ ಒಳಗೇ ತರಲ್ಲ.